ಇಂಗಿನ ಡಬ್ಬದಲ್ಲಿ ಕಾಡಿನ ಮೊಗ್ಗು

ಬಿಳಿ ಚಾ ಎಂದರೆ ಹಾಲು ಜಾಸ್ತಿ ಬಿದ್ದ ಚಾ ಎಂದು ನಾನು ತಿಳಿದಿದ್ದೆ. ಅದನ್ನು ಕೇಳಿ ಧಣಿಯ ಸೊಸೆ ನಕ್ಕಳು. ಅವಳು ನಕ್ಕದ್ದು ನನಗೆ ಹಿಡಿಸಲಿಲ್ಲ. ಅವಳೂ ನನಗೆ ಹಿಡಿಸುವವಳಲ್ಲ. ಅದನ್ನು ಮುಚ್ಚಿಡುವ ದರ್ದು ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಮಾಟುಂಗದ ಹೋಟೆಲಿನ ಹಿಂದಿನ ಕೋಣೆಯಲ್ಲಿ ನಾನು ಕೂತು ಮೂವತ್ತು ವರ್ಷದ ಮೇಲಾಯಿತು. ಊರು ಕುಂದಾಪುರದ ಆಚೆ. ಗಂಡ ಇದೇ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತವನು. ಅವನು ಸತ್ತ ಮೇಲೆ ಧಣಿ ಒಂದು ಮೆಟ್ಟುಕತ್ತಿ ಕೊಟ್ಟು ತರಕಾರಿ ಹೆಚ್ಚಲು ಹೇಳಿದರು. ಹೆಚ್ಚಿದೆ. ತರಕಾರಿ, ತೆಂಗಿನಕಾಯಿ, ನೀರುಳ್ಳಿ ಆದ ಮೇಲೆ ಇಂಗಿನ ಕೆಲಸ. ಗಟ್ಟಿ ಇಂಗನ್ನು ಕಲ್ಲಿನಲ್ಲಿ ಕುಟ್ಟಿ ನೀರಿನಲ್ಲಿ ನೆನೆಹಾಕಬೇಕು. ಆ ನೀರು ಸಾಂಬಾರಿಗೆ, ಚಟ್ನಿಯ ಒಗ್ಗರಣೆಗೆ. ಪುಡಿ ಇಂಗು ಧಣಿಗೆ ಆಗುವುದಿಲ್ಲ. ಅದರಲ್ಲಿ ಅರ್ಧ ಮೈದಾ ಎನ್ನುತ್ತಾರೆ.

ಇನ್ನೊಂದು ಕೆಲಸವೂ ನನಗಿತ್ತು. ಬೆಳಿಗ್ಗೆ ಚಾದ ಮೊದಲ ಪಾತ್ರೆ ಇಳಿದ ಕೂಡಲೇ ಅರ್ಧ ಲೋಟ ನನ್ನ ಹತ್ತಿರ ಬರಬೇಕು. ನಾನು ಕುಡಿದು ಹೂಂ ಎಂದರೆ ಹೊರಗೆ ಹೋಗುತ್ತದೆ. ಚಾ ಹುಡಿ ಹಳತಾಗಿದೆಯೋ, ಹಾಲಿಗೆ ನೀರು ಬಿದ್ದಿದೆಯೋ, ಚಾ ಸೋಸುವ ಬಟ್ಟೆ ಸರಿಯಾಗಿ ಒಣಗಿಲ್ಲವೋ, ನನಗೆ ಗೊತ್ತಾಗುತ್ತಿತ್ತು. ಧಣಿ ಎಲ್ಲರ ಎದುರು ಹೇಳುತ್ತಿದ್ದರು, ಅಕ್ಕನ ನಾಲಗೆ ಸುಳ್ಳು ಹೇಳುವುದಿಲ್ಲ ಎಂದು. ನನಗಿಂತ ಎರಡು ವರ್ಷಕ್ಕೆ ಸಣ್ಣವರು, ಹಾಗಾಗಿ ಅಕ್ಕ ಎನ್ನುವುದು. ಸಂಬಂಧ ಅಷ್ಟೇ.

ಸೊಸೆ ಮುಲುಂಡಿನವಳು. ಅಪ್ಪ ಅಮ್ಮ ಕನ್ನಡದವರೇ, ಇಬ್ಬರೂ ಆಫೀಸಿಗೆ ಹೋದವರು. ಇವಳ ಕನ್ನಡ ಮುರುಕು. ಮದುವೆಯಾದ ಮೇಲೂ ಗಂಡನನ್ನು ಕರೆದುಕೊಂಡು ಮುಲುಂಡಿನಲ್ಲೇ ಮನೆ ಮಾಡಿದಳು. ಆ ಬಿಲ್ಡಿಂಗಿನ ಕೆಳಗೆ ರಸ್ತೆಗೆ ತಾಗಿ ಧಣಿಯ ಒಂದು ರೂಮು ಉಂಟು. ಖಾಲಿ ಬಿದ್ದಿತ್ತು. ಮೊಬೈಲ್ ರಿಪೇರಿಯವನೊಬ್ಬ ಬಾಡಿಗೆಗೆ ಕೇಳುತ್ತಿದ್ದ. ಇವಳು ನನಗೆ ಕೊಡಿ, ಚಾ ಅಂಗಡಿ ಮಾಡುತ್ತೇನೆ ಎಂದು ಹಟ ಹಿಡಿದಳು. ನೌಕರಿ ಬಿಟ್ಟಾಗಿತ್ತು. ಗಂಡ ಬಾಯಿ ಬಿಡಲಿಲ್ಲ. ಅವನು ಚಿಕ್ಕಂದಿನಿಂದ ಅಪ್ಪನ ಎದುರು ಬಾಯಿ ಬಿಟ್ಟವನಲ್ಲ.

ಅವಳ ಚಾ ನಮ್ಮ ಚಾ ಅಲ್ಲ. ಅವಳ ಆಫೀಸಿನಲ್ಲಿ ಬರ್ಮಾ ಗಡಿಯ ಹತ್ತಿರದ ಗುಡ್ಡದ ಹೆಂಗಸೊಬ್ಬಳಿದ್ದಳಂತೆ. ಅವರ ಕಾಡಿನಲ್ಲಿ ಚಾ ಗಿಡ ಅಲ್ಲ, ಮರವೇ ಉಂಟು. ಯಾರೂ ನೆಟ್ಟದ್ದಲ್ಲ. ವರ್ಷಕ್ಕೆ ಕೆಲವೇ ದಿನ ಅದರ ತುದಿಯಲ್ಲಿ ಮೊಗ್ಗು ಬರುತ್ತದೆ. ಎಲೆ ಬಿಡಿಸುವ ಮೊದಲು ಆ ಮೊಗ್ಗನ್ನು ಕಿತ್ತು ನೆರಳಿನಲ್ಲಿ ಬಾಡಿಸಿ ಒಣಗಿಸುವುದು, ಅಷ್ಟೇ. ಹುರಿಯುವುದಿಲ್ಲ, ಉಜ್ಜುವುದಿಲ್ಲ. ಫೋನಿನಲ್ಲಿ ಫೋಟೋ ತೋರಿಸಿದಳು. ನನ್ನ ವಯಸ್ಸಿನ ಒಬ್ಬಳು ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಮರದ ಕೊಂಬೆಯ ಮೇಲೆ ನಿಂತಿದ್ದಳು. ಈ ಪ್ರಾಯದಲ್ಲಿ ಮರ ಹತ್ತಿಸುತ್ತಾರಲ್ಲ, ಮನೆಯಲ್ಲಿ ಬೇರೆ ಯಾರೂ ಗತಿ ಇಲ್ಲವೋ ಎಂದು ಕೇಳಿದೆ. ಅವಳು ಫೋನ್ ಒಳಗಿಟ್ಟಳು.

ಮೊದಲನೇ ಸಲ ಆ ಚಾ ಮಾಡಿದ್ದು ನಮ್ಮ ಅಡಿಗೆಮನೆಯಲ್ಲೇ. ಕಳೆದ ವರ್ಷ ಮಳೆ ಶುರುವಾದ ವಾರ. ಮಧ್ಯಾಹ್ನದ ಊಟದ ಗಲಾಟೆ ಮುಗಿದಿತ್ತು. ಅವಳು ಒಂದು ಚೀಲ ತೆರೆದಳು. ಒಳಗೆ ಬೆಕ್ಕಿನ ಉಗುರಿನಷ್ಟು ದೊಡ್ಡ ಮೊಗ್ಗು, ಮೈಮೇಲೆ ಬಿಳಿ ರೋಮ. ಬಿಳಿ ಚಾ ಎನ್ನುವುದು ಅದಕ್ಕಂತೆ. ಮುಷ್ಟಿ ತುಂಬ ಹಿಡಿದರೂ ಭಾರವೇ ಇಲ್ಲ. ನಾನು ನೀರು ಕುದಿಯಲಿಟ್ಟೆ. ಕುದಿ ಬಂದ ಕೂಡಲೇ ಮೊಗ್ಗು ಹಾಕಲು ಕೈ ಚಾಚಿದೆ. ಅವಳು ಕೈ ಹಿಡಿದಳು.

"ಆಂಟಿ, ಇದನ್ನ ಬಾಯಿಲ್ ಮಾಡೋದಿಲ್ಲ. ನೀರು ಪೆಹ್ಲೇ ಥೋಡಾ ಥಂಡಾ ಆಗ್ಬೇಕು."

"ತಣ್ಣಗೆ ಮಾಡ್ಲಿಕ್ಕೆ ಮತ್ತೆ ಬಿಸಿ ಮಾಡಿದ್ದು ಎಂತಕ್ಕೆ?" ಎಂದೆ. ಪಾತ್ರೆ ತೊಳೆಯುವವರೆಲ್ಲ ನಕ್ಕರು.

ಅವಳು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೊಯ್ದಳು, ಮತ್ತೆ ಹೊಯ್ದಳು. ಬೆರಳು ಅದ್ದಿ ಎರಡು ಎಣಿಸುವಷ್ಟು ಹೊತ್ತು ತಡೆಯುವಂತಿರಬೇಕಂತೆ. ಆಮೇಲೆ ಗಾಜಿನ ಲೋಟದಲ್ಲಿ ಮೊಗ್ಗು ಹಾಕಿ ನೀರು ಬಿಟ್ಟಳು. ಮೊದಲು ಎಲ್ಲವೂ ಮೇಲೆ ತೇಲಿತು. ನೋಡುತ್ತಿದ್ದ ಹಾಗೆ ಒಂದೊಂದೇ ನೆಟ್ಟಗೆ ನಿಂತು ಕೆಳಗಿಳಿಯಿತು. ನೋಡಲು ಚೆಂದವೇ ಇತ್ತು, ಅದನ್ನು ಇಲ್ಲ ಎನ್ನುವುದಿಲ್ಲ. ಆದರೆ ನೀರಿಗೆ ಬಣ್ಣವೇ ಬರಲಿಲ್ಲ. ಬೋಂಡಾ ಕರಿದ ಎಣ್ಣೆಯ ಒಂದು ಹನಿ ಬಕೆಟ್ಟಿಗೆ ಬಿದ್ದರೆ ಎಷ್ಟು ಬಣ್ಣವೋ ಅಷ್ಟು. ಸಕ್ಕರೆ ಇಲ್ಲ, ಹಾಲಿಲ್ಲ. ಬಾಯಲ್ಲಿ ಇಟ್ಟುಕೊಳ್ಳಿ, ಕೂಡಲೇ ನುಂಗಬೇಡಿ, ಜೇನಿನ ಹಾಗೆ, ಎಳೇ ಸೌತೆಕಾಯಿಯ ಹಾಗೆ ಬರುತ್ತದೆ ಎಂದಳು. ನಾನು ಇಟ್ಟುಕೊಂಡೆ. ಜೇನೂ ಇಲ್ಲ, ಸೌತೆಯೂ ಇಲ್ಲ. ನುಂಗಿದೆ.

ಹೇಗುಂಟು ಎಂದು ಧಣಿ ಕೇಳಿದರು. ಲೋಟ ತೊಳೆದ ನೀರು ಇದಕ್ಕಿಂತ ಖಡಕ್ ಇರುತ್ತದೆ ಎಂದೆ. ಧಣಿಯೂ ಕುಡಿದು ಮುಖ ಹುಳಿ ಮಾಡಿದರು. ಅವಳ ಕಿವಿ ಕೆಂಪಾಯಿತು.

"ನಿಮ್ದು ಜೀಭ್ ಮಸಾಲೆ ತಿಂದು ತಿಂದು ಸತ್ತಿದೆ ಆಂಟಿ."

ಬದುಕಿರುವ ನಾಲಗೆ ನಿನ್ನ ಹತ್ತಿರ ಇದ್ದರೆ ಅದಕ್ಕೆ ಮೊದಲು ಕನ್ನಡ ಕಲಿಸು ಎಂದೆ ನಾನು. ಧಣಿ ಇಬ್ಬರನ್ನೂ ಗದರಿಸಿದರು.

ಆದರೆ ಅವರು ಅವಳನ್ನು ಅಲ್ಲಿಗೇ ಓಡಿಸಲಿಲ್ಲ. ನಮ್ಮ ಹೋಟೆಲಿನಲ್ಲಿ ಒಂದು ಕ್ರಮ ಉಂಟು. ಅಕ್ಕಿಯೇ ಆಗಲಿ, ಬೇಳೆಯೇ ಆಗಲಿ, ಚಾ ಹುಡಿಯೇ ಆಗಲಿ, ಹೊಸ ವ್ಯಾಪಾರಿ ತಂದ ಸ್ಯಾಂಪಲ್ ನೋಡಿ ಧಣಿ ತೀರ್ಮಾನ ಮಾಡುವವರಲ್ಲ. ಸ್ಯಾಂಪಲ್ ಎಲ್ಲರದ್ದೂ ಚೆಂದವೇ ಇರುತ್ತದೆ ಎನ್ನುತ್ತಾರೆ. ಮೂಟೆಗೆ ಮೂಟೆಯೇ ತಂದು ಇಡಬೇಕು. ಎಂಟು ದಿನ ನಮ್ಮ ಅಡಿಗೆಮನೆಯ ಸೆಕೆ, ಹಬೆ, ಹೊಗೆಯಲ್ಲಿ ಅದು ಕೂತಿರಬೇಕು. ಎಂಟು ದಿನದ ಮೇಲೂ ಸರಿ ಇದ್ದರೆ ತೆಗೆದುಕೊಳ್ಳುವುದು. ಸೊಸೆಗೂ ಅದೇ ಕ್ರಮ ಹಾಕಿದರು. ತಂದದ್ದೆಲ್ಲ ಇಲ್ಲಿ ಬಿಟ್ಟು ಹೋಗು, ಎಂಟು ದಿನ ಬಿಟ್ಟು ಮುಲುಂಡಿನ ರೂಮಿನಲ್ಲೇ ಕುಡಿದು ನೋಡೋಣ, ಅಕ್ಕ ಸರಿ ಎಂದರೆ ರೂಮು ನಿನಗೆ, ಇಲ್ಲದಿದ್ದರೆ ಮೊಬೈಲಿನವನಿಗೆ. ಇದು ಅಕ್ಕಿ ಅಲ್ಲ ಮಾವ ಎಂದು ಅವಳು ಏನೇನೋ ಹೇಳಿದಳು. ಧಣಿ ಅಷ್ಟು ಹೊತ್ತಿಗೆ ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಕಡೆ ಹೋಗಿಯಾಗಿತ್ತು. ಅವಳು ಚೀಲವನ್ನು ನನ್ನ ಕಾಲ ಹತ್ತಿರ ಇಟ್ಟು, ನಾಯಿಯ ಹತ್ತಿರ ಊಟ ಬಿಟ್ಟು ಹೋಗುವವರ ಹಾಗೆ ತಿರುಗಿ ತಿರುಗಿ ನೋಡುತ್ತ ಹೋದಳು. ಅವಳ ಮನೆಯಲ್ಲಿ ಒಂದು ಮುಷ್ಟಿ ಮಾತ್ರ ಉಳಿದಿತ್ತು ಎಂದು ಆಮೇಲೆ ಗೊತ್ತಾಯಿತು.

ಚೀಲ ಕಾಗದದ್ದು. ಮಾರನೇ ದಿನವೇ ತಳ ಮೆತ್ತಗಾಯಿತು. ಮೂರನೇ ದಿನ ಇರುವೆ. ಮಳೆಗಾಲದಲ್ಲಿ ನಮ್ಮಲ್ಲಿ ಏನನ್ನಾದರೂ ಜೋಪಾನ ಮಾಡಬೇಕಾದರೆ ಇಂಗಿನ ತಗಡಿನ ಡಬ್ಬಕ್ಕೆ ಹಾಕುತ್ತೇವೆ. ಆ ಮುಚ್ಚಳದ ಬಿಗಿ ಬೇರೆ ಯಾವುದಕ್ಕೂ ಇಲ್ಲ. ಗೇರುಬೀಜ, ಏಲಕ್ಕಿ, ಧಣಿಯ ಮನೆಯ ಹಪ್ಪಳ, ನನ್ನ ಮಾತ್ರೆ, ಎಲ್ಲ ಅದರಲ್ಲೇ. ಹುಣಸೆಹುಳಿ ಹಾಕಿ ತಿಕ್ಕಿ, ಒಲೆಯ ಹತ್ತಿರ ಒಣಗಿಸಿ ಇಟ್ಟ ದೊಡ್ಡ ಡಬ್ಬ ಒಂದಿತ್ತು. ಮೊಗ್ಗನ್ನೆಲ್ಲ ಅದಕ್ಕೆ ಸುರಿದೆ. ಅವಳ ಮೇಲಿನ ಪ್ರೀತಿಯಿಂದ ಅಲ್ಲ. ಹಾಳು ಮಾಡಬೇಕೆಂದೂ ಅಲ್ಲ. ನನ್ನ ಕೋಣೆಯಲ್ಲಿ ಇರುವೆ ಸಾಲು ಕಟ್ಟುವುದು ನನಗೆ ಆಗುವುದಿಲ್ಲ, ಅಷ್ಟೇ.

ಎಂಟನೇ ದಿನ ಡಬ್ಬವನ್ನು ಕೈಚೀಲದಲ್ಲಿ ಹಾಕಿಕೊಂಡು ಮಾಟುಂಗ ಸ್ಟೇಷನ್ನಿಗೆ ಹೋದೆ. ಧಣಿ ಕಾರಿನಲ್ಲಿ ಮುಂದೆ ಹೋಗಿದ್ದರು. ಕಾರಿನಲ್ಲಿ ಜಾಗ ಇತ್ತು, ಆದರೆ ಕರೆಯಲಿಲ್ಲ. ಲೇಡೀಸಿನಲ್ಲಿ ಕಾಲಿಡಲು ಜಾಗವಿಲ್ಲದೆ ಲಗೇಜ್ ಬೋಗಿಗೆ ಹತ್ತಿದೆ. ಅಲ್ಲಿ ಮೀನಿನವಳೊಬ್ಬಳು ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಸಯನ್ ದಾಟಿರಬೇಕು. ಅವಳು ಮೂಗಿಗೆ ಸೆರಗು ಹಿಡಿದಳು.

"ಮೌಸಿ, ಹಿಂಗ್ ಬೇಚ್ತೀ ಹೈ ಕ್ಯಾ?"

ಇಂಗು ಮಾರುವವಳೇ ಎಂದು ನನ್ನನ್ನು ಕೇಳುತ್ತಿದ್ದಾಳೆ. ನನ್ನ ಚೀಲದಿಂದ ಇಡೀ ಬೋಗಿಗೆ ಇಂಗಿನ ವಾಸನೆ ಬರುತ್ತಿದೆಯಂತೆ. ನನಗೆ ಸಿಟ್ಟು ನೆತ್ತಿಗೇರಿತು. ನಿನ್ನ ಬುಟ್ಟಿಯ ನಾತದಲ್ಲಿ ನನಗೆ ಉಸಿರು ಕಟ್ಟುತ್ತಿದೆ, ನೀನು ನನ್ನ ಚೀಲಕ್ಕೆ ಮೂಗು ಮುಚ್ಚುತ್ತೀಯಾ ಎಂದು ನನಗೆ ಬರುವ ಹಿಂದಿಯಲ್ಲಿ ಬೈದೆ. ಅವಳು ಬಗ್ಗಿ ತನ್ನ ಬುಟ್ಟಿಯನ್ನು ಮೂಸಿದಳು. ಇದಕ್ಕೆಂಥ ವಾಸನೆ, ಬೆಳಿಗ್ಗೆ ತಂದ ಮಾಲು, ವಾಸನೆಯೇ ಇಲ್ಲ ಎಂದಳು. ಜಗಳಕ್ಕೆ ಹೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ಬರುತ್ತಿರಲಿಲ್ಲ.

ನಾನು ಡಬ್ಬ ತೆಗೆದು ಮುಚ್ಚಳ ಬಿಚ್ಚಿ ಮೂಸಿದೆ. ಒಣ ಎಲೆಯ ವಾಸನೆ, ತಗಡಿನ ವಾಸನೆ. ಇಂಗು ಎಲ್ಲಿಯೂ ಇಲ್ಲ. ಮತ್ತೆ ಮೂಸಿದೆ. ಕುರ್ಲಾ ಹೋಯಿತು, ಘಾಟ್ಕೋಪರ್ ಹೋಯಿತು. ಮೂವತ್ತು ವರ್ಷ ಇಂಗು ಕುಟ್ಟಿದ ಕೈ ನನ್ನದು. ಕೊನೆಯ ಸಲ ಅದರ ಘಾಟು ನನ್ನ ಮೂಗಿಗೆ ಹೊಡೆದದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಮೀನಿನವಳು ಭಾಂಡುಪಿನಲ್ಲಿ ಇಳಿದಳು. ಇಳಿಯುವಾಗಲೂ ಸೆರಗು ಮೂಗಿನ ಮೇಲೆಯೇ ಇತ್ತು.

ಮುಲುಂಡಿಗೆ ತಲುಪಿದ ಕೂಡಲೇ ಹೇಳಬಹುದಿತ್ತು. ಹೇಳಲಿಲ್ಲ. ಅವಳಿಗೇ ಅಷ್ಟು ಜೀವಂತ ನಾಲಗೆ ಇದೆಯಲ್ಲ, ಕಂಡುಹಿಡಿದುಕೊಳ್ಳಲಿ ಎಂದು ಸುಮ್ಮನೆ ಸ್ಟೂಲಿನ ಮೇಲೆ ಕೂತೆ.

ಅವಳು ರೂಮನ್ನು ಗುಡಿಸಿ ಒರೆಸಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದ್ದಳು. ಗೋಡೆಗೆ ಎಲ್ಲೆಲ್ಲಿ ಹಲಗೆ ಹೊಡೆಯಬೇಕೆಂದು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಳು. ಡಬ್ಬ ತೆರೆದವಳ ಕೈ ಒಂದು ಕ್ಷಣ ನಿಂತಿತು. ಏನೋ ಹೇಳಲು ಹೊರಟಳು. ಧಣಿ ತಮಗೆ ಹೊತ್ತಿಲ್ಲ, ಮೊದಲು ಮಾಡು ಎಂದರು. ಮಾಡಿದಳು. ನೀರು ಆರಿಸಿದಳು, ಹೊಯ್ದಳು, ಗಡಿಯಾರ ನೋಡಿದಳು. ಮೂರು ಲೋಟ.

ಧಣಿ ಮೊದಲು ಕುಡಿದರು. ಮತ್ತೊಂದು ಗುಟುಕು ಕುಡಿದರು. "ಇವತ್ತು ಎಂತದೋ ಉಂಟು ಇದರಲ್ಲಿ. ಬಾಯಿಗೆ ಹಿಡೀತದೆ," ಎಂದರು. ಜೇಬಿನಿಂದ ರೂಮಿನ ಕೀಲಿ ತೆಗೆದು ಮೇಜಿನ ಮೇಲೆ ಇಟ್ಟರು.

ನಾನೂ ಕುಡಿದೆ. ನಿಜ, ಮೊದಲಿನ ಹಾಗೆ ಬರೀ ನೀರಲ್ಲ. ಹೆಸರು ಹೇಳಲು ಬಾರದ ಏನೋ ಒಂದು, ಹೊಟ್ಟೆಗೆ ಹಿತವಾದದ್ದು, ನಮ್ಮದು ಎನ್ನುವಂಥದ್ದು ಅದರಲ್ಲಿತ್ತು. ಆ ಹಿತ ಎಲ್ಲಿಂದ ಬಂತೆಂದು ನನಗೆ ಆಗ ಖಾತ್ರಿಯಾಯಿತು.

ಸೊಸೆ ಒಂದು ಗುಟುಕು ಬಾಯಿಗೆ ಹಾಕಿದವಳು ಹೊರಗೆ ಓಡಿ ಗಟಾರಕ್ಕೆ ಉಗಿದಳು. ಒಳಗೆ ಬಂದಾಗ ಕಣ್ಣಲ್ಲಿ ನೀರಿತ್ತು. ಅಳು ಅಲ್ಲ, ಕೋಪ.

"ಮಾವ, ಇದು ಪೂರಾ ಖರಾಬ್ ಆಗಿದೆ. ಹಿಂಗ್ ಸ್ಮೆಲ್. ಇದನ್ನ ನಾನು ಯಾರಿಗೂ ಕೊಡೋದಿಲ್ಲ."

ಕೀಲಿ ಮೇಜಿನ ಮೇಲೆಯೇ ಇತ್ತು. ಬಾಯಿ ಮುಚ್ಚಿ ಎತ್ತಿಕೊಂಡಿದ್ದರೆ ರೂಮು ಅವಳದ್ದು. ಎತ್ತಿಕೊಳ್ಳಲಿಲ್ಲ. ಧಣಿಯ ಮುಖ ಬಿಗಿಯಿತು. ನಲವತ್ತು ವರ್ಷ ಹೋಟೆಲು ನಡೆಸಿದವನಿಗೆ ಇಂಗಿನ ವಾಸನೆ ಗೊತ್ತಾಗುವುದಿಲ್ಲವೇ, ನಿನಗೆ ಮಾತ್ರ ಬರುತ್ತದೆಯೇ ಎಂದು ಕೇಳಿದರು. ನಮ್ಮ ಹೋಟೆಲಿನದ್ದು ಏನೂ ನಿನಗೆ ಸೇರುವುದಿಲ್ಲ, ಅದಕ್ಕೇ ಈ ಸೊಕ್ಕು ಎಂದರು. ಮತ್ತೆ ನನ್ನ ಕಡೆ ತಿರುಗಿದರು.

"ಅಕ್ಕ, ನೀನೇ ಹೇಳು. ವಾಸನೆ ಉಂಟಾ, ಇಲ್ವಾ?"

ಇಲ್ಲ ಎಂದರೆ ಅದು ಸುಳ್ಳೂ ಅಲ್ಲ. ನನಗೆ ಬರುತ್ತಿರಲಿಲ್ಲ. ಇಲ್ಲ ಎಂದರೆ ಸೊಸೆ ಸುಳ್ಳುಗಾತಿ, ನಾನು ಹಳೆಯ ಅಕ್ಕ. ಆದರೆ ಮೂಗು ಮುಚ್ಚಿಕೊಂಡ ಆ ಮೀನಿನವಳ ಮುಖ ಕಣ್ಣಮುಂದಿನಿಂದ ಹೋಗಲಿಲ್ಲ.

"ಇಂಗು ಉಂಟು ಧಣಿ. ಡಬ್ಬ ಇಂಗಿನದ್ದು. ಹಾಕಿದ್ದು ನಾನು. ವಾಸನೆ ನಂಗೆ ಬರೂದಿಲ್ಲ, ನಿಮಗೂ ಬರೂದಿಲ್ಲ. ನಮ್ಮಿಬ್ಬರ ಮೂಗೂ ಆ ಅಡಿಗೆಮನೆಯಲ್ಲಿ ಹೋಗಿಯಾಗಿದೆ."

ಹೋಗಿದ್ದರೆ ನಿನ್ನದು ಹೋಗಿರಬಹುದು ಎಂದರು ಧಣಿ. ಸೊಸೆ ನನ್ನನ್ನು ನೋಡಿದ ನೋಟ ಹೇಳುವುದು ಬೇಡ. ಮೇಲಿನ ಮನೆಗೆ ಹೋಗಿ ಆ ಒಂದು ಮುಷ್ಟಿ ತಂದಳು. ಲೋಟ ತೊಳೆದಳು, ನನ್ನ ಕೈಗೆ ಮುಟ್ಟಿಸಲಿಲ್ಲ. ಮತ್ತೆ ಮಾಡಿದಳು. ಕುಡಿದೆವು. ಧಣಿಗೆ ಏನೂ ಸಿಗಲಿಲ್ಲ, ನನಗೂ ಸಿಗಲಿಲ್ಲ. ಅವಳು ಮಾತ್ರ ಕಣ್ಣು ಮುಚ್ಚಿ ಕುಡಿದಳು. ನನಗೇ ರುಚಿ ಸಿಗದ ವಸ್ತುವಿಗೆ ರೂಮು ಹೇಗೆ ಕೊಡುವುದು ಎಂದರು ಧಣಿ.

"ನೀವು ಗಿರಾಕಿ ಅಲ್ಲ, ಮಾವ."

ಅಷ್ಟು ಹೇಳಲು ಅವಳಿಗೆ ಧೈರ್ಯ ಇತ್ತು, ಅದು ಹೌದು. ಆದರೆ ಮಾರಲು ಕೈಯಲ್ಲಿ ಮಾಲು ಇರಲಿಲ್ಲ. ಹೊಸ ಮೊಗ್ಗು ಬರುವುದು ಮುಂದಿನ ಚೈತ್ರಕ್ಕೆ. ಧಣಿ ಕೀಲಿಯನ್ನು ತಿರುಗಿ ಜೇಬಿಗೆ ಹಾಕಿದರು. ಮೊಬೈಲಿನವನಿಗೆ ಹನ್ನೊಂದು ತಿಂಗಳ ಅಗ್ರಿಮೆಂಟು ಮಾಡಿಕೊಡುತ್ತೇನೆ ಎಂದರು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಇನ್ನೊಂದು ಮಾತು ಹೇಳಿದರು. "ಅಷ್ಟರಲ್ಲಿ ನಿನ್ನ ಮೊಗ್ಗು ಬರ್ತದಲ್ಲ. ಆಮೇಲೆ ರೂಮು ನಿನಗೇ. ಬೇರೆ ಯಾರಿಗೂ ಇಲ್ಲ." ನಾವು ಮೂವರೇ ಇದ್ದೆವು. ಕಾಗದ ಪತ್ರ ಇಲ್ಲ.

ಅವರು ಹೋದ ಮೇಲೆ ಸೊಸೆ ಡಬ್ಬವನ್ನು ಎತ್ತಿ ಬಿಲ್ಡಿಂಗಿನ ಕಸದ ತೊಟ್ಟಿಗೆ ಮಗುಚಿದಳು. ಮರ ಹತ್ತಿ ಕಿತ್ತವರ ಒಂದು ವರ್ಷದ ಕೊಯ್ಲು ಬಾಳೆಹಣ್ಣಿನ ಸಿಪ್ಪೆಯ ಮೇಲೆ ಬಿತ್ತು. ನಿಮಗೆ ಖುಷಿಯಾಯಿತಾ ಎಂದು ನನ್ನನ್ನು ಕೇಳಿದಳು. ಕಾಗದದ ಚೀಲದಲ್ಲಿ ತಂದು ಮಳೆಗಾಲದಲ್ಲಿ ಹೋಟೆಲಿನಲ್ಲಿ ಬಿಟ್ಟವಳು ನೀನು, ಡಬ್ಬ ನೀನೇ ತರಬೇಕಿತ್ತು ಎಂದೆ. ತಪ್ಪಾಯಿತು ಎಂದು ನಾನು ಹೇಳಲಿಲ್ಲ. ಅವಳ ಮುಖ ನೋಡಿದರೆ ಬಾಯಿಗೆ ಬರಲಿಲ್ಲ.

ಮಾರನೇ ಬೆಳಿಗ್ಗೆ ನನ್ನ ಹತ್ತಿರ ಚಾದ ಲೋಟ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಹಾಲು ಸಕ್ಕರೆ ಶುಂಠಿ ಹಾಕಿದ ಚಾಕ್ಕೆ ನನ್ನ ನಾಲಗೆ ಈಗಲೂ ಸಾಕು, ಅದು ನನಗೆ ಗೊತ್ತು. ಧಣಿಗೂ ಗೊತ್ತು. ಆದರೆ ಅವರಿಗೂ ಮೂಗಿಲ್ಲ ಎಂದು ಸೊಸೆಯ ಎದುರು ಹೇಳಿದವಳು ನಾನು. ಒಂದು ವಿಷಯ ಹೇಳುತ್ತೇನೆ. ನಾನು ಕುಡಿಯದೆ ಹೊರಗೆ ಹೋದ ಚಾವನ್ನು ಗಿರಾಕಿಗಳು ಇಷ್ಟು ತಿಂಗಳಿನಲ್ಲಿ ಒಬ್ಬರೂ ಬೇಡ ಎಂದಿಲ್ಲ.

ಹನ್ನೊಂದು ತಿಂಗಳು ಹೀಗೆಯೇ ಮುಗಿಯಿತು. ಮೊಬೈಲಿನವನು ಇನ್ನೂ ಹನ್ನೊಂದು ತಿಂಗಳಿಗೆ ಕೇಳಿದ. ಧಣಿಗೆ ಅವನು ಒಗ್ಗಿದ್ದ, ತಲೆನೋವಿಲ್ಲದ ಮನುಷ್ಯ. ಸೊಸೆ ಕೇಳಲು ಬಂದಾಗ, ನಾನು ಯಾವಾಗ ಹಾಗೆ ಹೇಳಿದೆ ಎಂದರಂತೆ. ಮನೆಯಲ್ಲಿ ಜಗಳವಾಯಿತಂತೆ. ಗಂಡ ಯಾವ ಕಡೆಯೂ ಮಾತಾಡಲಿಲ್ಲವಂತೆ. ಆ ಸುದ್ದಿ ನಮಗೆ ಅಡಿಗೆಮನೆಯಲ್ಲಿ ಸಾಂಬಾರು ಕುದಿಯುವ ಮೊದಲೇ ಬಂದು ಮುಟ್ಟಿತ್ತು.

ಹೋದ ವಾರ ಮಧ್ಯಾಹ್ನ ಅವಳು ಹೋಟೆಲಿಗೆ ಬಂದಳು. ಹಿಂದಿನ ಬಾಗಿಲಲ್ಲಿ ನಿಂತಳು, ಒಳಗೆ ಬರಲಿಲ್ಲ. ಬಟ್ಟೆಗೆ ವಾಸನೆ ಹಿಡಿಯುತ್ತದೆಂದು ಇರಬೇಕು. ಹೊಸ ಮೊಗ್ಗು ಬಂದಿದೆ, ಗಾಜಿನ ಭರಣಿಯಲ್ಲಿ ಮನೆಯಲ್ಲೇ ಇಟ್ಟಿದ್ದೇನೆ ಎಂದಳು, ನಾನು ಕೇಳದಿದ್ದರೂ. ಧಣಿ ಬಾಳೆ ಎಲೆ ಎಣಿಸಿ ಹಾಕಿಸಿಕೊಳ್ಳುತ್ತಿದ್ದರು. ಅವರ ಎದುರೇ ಕೇಳಿದಳು.

"ಆಂಟಿ, ಆ ದಿನ ಮಾವ ರೂಮಿನ ಬಗ್ಗೆ ಬೋಲಾ ಕಿ ನಹೀ? ನೀವಿದ್ರಿ."

ನನ್ನ ಕೈಯಲ್ಲಿ ಅರ್ಧ ಹೆಚ್ಚಿದ ಪಡುವಲಕಾಯಿ ಇತ್ತು. ಈ ಪ್ರಾಯದಲ್ಲಿ ನನ್ನನ್ನು ಹೊರಗೆ ಹಾಕಿದರೆ ಹೋಗಲು ಚಾಳಿನ ಸಾಲುಕೋಣೆಯಲ್ಲಿ ಒಂದು ಮೂಲೆ ಉಂಟು, ಅದೂ ಧಣಿಯ ಕೈಯ ಕೆಳಗಿನದೇ. ಇವಳಿಗಾಗಿ ಅದನ್ನು ಕಳೆದುಕೊಳ್ಳಲು ಇವಳು ನನಗೆ ಯಾರು?

"ಹೇಳಿದ್ದೀರಿ ಧಣಿ," ಎಂದೆ. "ಚಪ್ಪಲಿ ಹಾಕ್ತಾ ಹೇಳಿದ್ದು. ಹನ್ನೊಂದು ತಿಂಗಳಾದ ಮೇಲೆ ರೂಮು ಅವಳಿಗೇ, ಬೇರೆ ಯಾರಿಗೂ ಇಲ್ಲ ಅಂತ."

ಧಣಿ ಎಲೆ ಎಣಿಸುವುದನ್ನು ನಿಲ್ಲಿಸಲಿಲ್ಲ. "ಮೂಗು ಹೋದ ಹಾಗೆ ನಿನ್ನ ಕಿವಿಯೂ ಹೋಗಿರ್ಬೇಕು ಅಕ್ಕ," ಎಂದರು. ಅಲ್ಲಿದ್ದವರೆಲ್ಲ ಕಿಸಕ್ಕೆಂದರು.

"ಮೂಗು ಹೋಗಿದೆ ಅಂತ ನಾನೇ ಅಲ್ವಾ ಹೇಳಿದ್ದು. ಕಿವಿ ಹೋಗಿದ್ರೆ ಅದನ್ನೂ ಹೇಳ್ತಿದ್ದೆ."

ನಗು ನಿಂತಿತು. ಎಲೆ ತಂದವನು ಎಷ್ಟಾಯಿತು ಎಂದು ಧಣಿಯನ್ನು ಕೇಳಿದ. ಅವರಿಗೆ ಲೆಕ್ಕ ತಪ್ಪಿಹೋಗಿತ್ತು. ಕೈಯಲ್ಲಿದ್ದ ಎಲೆ ಕೆಳಗಿಟ್ಟು, ಗಲ್ಲೆಗೆ ಹೋಗಿ ಫೋನಿನಲ್ಲಿ ಮೊಬೈಲಿನವನ ಹತ್ತಿರ ಮಾತಾಡಿದರು. ಹದಿನೈದು ದಿನದಲ್ಲಿ ಖಾಲಿ ಮಾಡು ಎಂದು ಹೇಳಿದ್ದು ಹಿಂದಿನವರೆಗೂ ಕೇಳಿಸಿತು. ತಿರುಗಿ ಬಂದು ಸೊಸೆಯ ಹತ್ತಿರ, ನಿನ್ನ ಅಂಗಡಿಗೆ ನನ್ನ ಹೋಟೆಲಿನ ಒಂದು ಚಮಚವೂ ಬರುವುದಿಲ್ಲ, ಕೇಳಲೂ ಬೇಡ ಎಂದರು. ಅವಳಿಗೆ ಬೇಕಾದದ್ದೂ ಅದೇ.

ಹೊರಡುವಾಗ ಅವಳು ನನ್ನ ಹತ್ತಿರ ಹೇಳಿದಳು, ಅಂಗಡಿ ಶುರುವಾದ ಮೇಲೆ ನೀವು ಆ ಕಡೆ ಬರಬೇಡಿ ಆಂಟಿ, ಬೇಜಾರು ಮಾಡಿಕೊಳ್ಳಬೇಡಿ, ಮೊಗ್ಗಿಗೆ ವಾಸನೆ ಹತ್ತುತ್ತದೆ. ಬರುವುದಿಲ್ಲ ಎಂದೆ. ಬಿಸಿನೀರು ಕುಡಿಯಲು ಮುಲುಂಡಿನ ತನಕ ಯಾರು ಹೋಗುತ್ತಾರೆ ಎಂದೂ ಹೇಳಿದೆ. ಅವಳು ಬಾಗಿಲು ದಾಟಿ ಹೋದಳು. ಪಡುವಲಕಾಯಿ ಅರ್ಧ ಬಾಕಿ ಇತ್ತು, ಹೆಚ್ಚಿದೆ.